ಮೊದಲ ಲೀನಿಯರ್ ಆಲ್ಜೀಬ್ರಾ ಪುಸ್ತಕ ಮ್ಯಾಟ್ರಿಕ್ಸ್‌ನಿಂದಲೇ ಆರಂಭವಾಗಬೇಕೆ?

ಪದವಿ ತರಗತಿಗಳು ತೆರೆಯುವ ದಿನಗಳಲ್ಲಿ ಅವೆನ್ಯೂ ರಸ್ತೆಯ ಹಳೆ ಪುಸ್ತಕದ ಅಂಗಡಿಗಳ ಮುಂದೆ ನಿಂತ ಹುಡುಗ ಹುಡುಗಿಯರದ್ದು ಒಂದೇ ಪ್ರಶ್ನೆ: ಯಾವುದನ್ನು ಕೊಳ್ಳುವುದು? ಲೀನಿಯರ್ ಆಲ್ಜೀಬ್ರಾ, ಅಂದರೆ ಒಂದನೆಯ ಘಾತದ ಸಮೀಕರಣಗಳನ್ನು ಒಟ್ಟಾಗಿ ಬಿಡಿಸುವುದರಿಂದ ಬೆಳೆದ ಗಣಿತ, ಅದರ ವಿಷಯದಲ್ಲಿ ಈ ಪ್ರಶ್ನೆಯ ಹಿಂದೆ ಇನ್ನೊಂದು ಜಗಳವಿದೆ. ಸಂಖ್ಯೆಗಳ ಪಟ್ಟಿ (ಅದೇ ಮ್ಯಾಟ್ರಿಕ್ಸ್) ಬರೆದು ಸಾಲಿನಿಂದ ಸಾಲು ಕಳೆಯುವ ಪುಸ್ತಕ ಮೊದಲೋ, ವೆಕ್ಟರ್ ಸ್ಪೇಸ್ (ಒಳಗಿನವನ್ನು ಕೂಡಿಸಿದರೂ, ಸಂಖ್ಯೆಯಿಂದ ಗುಣಿಸಿದರೂ ತನ್ನೊಳಗೇ ಉಳಿಯುವ ಗುಂಪು) ಎಂದರೇನು ಎಂದು ವ್ಯಾಖ್ಯೆಯಿಂದ ಹೊರಡುವ ಪುಸ್ತಕ ಮೊದಲೋ? ಇಲ್ಲಿ ಇಬ್ಬರು ವಾದಿಸಿದ್ದಾರೆ. ಒಬ್ಬರು ನಗರದ ಕಾಲೇಜುಗಳಲ್ಲಿ 31 ವರ್ಷ ಗಣಿತ ಕಲಿಸಿ ನಿವೃತ್ತರಾಗಿ ಬಸವನಗುಡಿಯಲ್ಲಿರುವ ಅಧ್ಯಾಪಕಿ. ಇನ್ನೊಬ್ಬರು ವೈಟ್‌ಫೀಲ್ಡ್‌ನಲ್ಲಿ ದತ್ತಾಂಶ ವಿಶ್ಲೇಷಣೆಯ ಕೆಲಸ ಮಾಡುವವರು.

ಪರ: ಮೊದಲು ಕೈ, ಆಮೇಲೆ ವ್ಯಾಖ್ಯೆ

1989ರಲ್ಲಿ ನನಗೆ ಕೆಲಸ ಸಿಕ್ಕಿ ಹದಿನೈದು ದಿನವಾಗಿತ್ತು. ಎಂ.ಎಸ್ಸಿ.ಯಲ್ಲಿ ಹಾಫ್‌ಮನ್ ಮತ್ತು ಕುಂಝ್ ಅವರ ಪುಸ್ತಕ ಓದಿದ್ದೇನೆ ಎಂಬ ಗರ್ವ ಇನ್ನೂ ಇಳಿದಿರಲಿಲ್ಲ. ಬಿ.ಎಸ್ಸಿ. ಕೊನೆಯ ವರ್ಷದ ತರಗತಿಗೆ ಅದೇ ಪುಸ್ತಕ ಹಿಡಿದು ಹೋದೆ. ಮೊದಲ ಅಧ್ಯಾಯ ಸಮೀಕರಣಗಳನ್ನು ಬಿಡಿಸುವುದರ ಬಗ್ಗೆ. ಇದೇನು ಮಹಾ ಎಂದು ಅದನ್ನು ಹಾರಿಸಿ, ನೇರವಾಗಿ ಎರಡನೆಯ ಅಧ್ಯಾಯದ ವೆಕ್ಟರ್ ಸ್ಪೇಸ್ ವ್ಯಾಖ್ಯೆಯನ್ನು ಕಪ್ಪು ಹಲಗೆಯ ಮೇಲೆ ಅಚ್ಚುಕಟ್ಟಾಗಿ ಬರೆದೆ.

ಎರಡನೆಯ ಬೆಂಚಿನಲ್ಲಿ ರಾಮನಗರದಿಂದ ಬೆಳಗಿನ ರೈಲಿಗೆ ಬರುವ ಹುಡುಗನೊಬ್ಬ ಕೂರುತ್ತಿದ್ದ. ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನು. ಮೂರನೆಯ ದಿನಕ್ಕೆ ಅಷ್ಟೂ ನಿಯಮಗಳನ್ನು ಮಗ್ಗಿಯಂತೆ ಒಪ್ಪಿಸಿದ. ಒಂದು ಅಕ್ಷರ ತಪ್ಪಲಿಲ್ಲ. ನನಗೋ ಎಲ್ಲಿಲ್ಲದ ಸಂತೋಷ. "ಸರಿ, ಮೂಲಬಿಂದುವಿನ ಮೂಲಕ ಹಾದುಹೋಗುವ ಒಂದು ಸಮತಲವಿದೆ. ಅದು ವೆಕ್ಟರ್ ಸ್ಪೇಸ್ ಹೌದೋ ಅಲ್ಲವೋ?" ಎಂದು ಕೇಳಿದೆ. ಅವನು ಎದ್ದು ನಿಂತು, ನೋಟ್ ಪುಸ್ತಕದ ಹಾಳೆಗಳನ್ನು ಹಿಂದೆ ಮುಂದೆ ತಿರುವಿ, ಬಹಳ ವಿನಯದಿಂದ ಹೇಳಿದ: "ಮೇಡಂ, ಅದು ನೋಟ್ಸ್‌ನಲ್ಲಿ ಇಲ್ಲ."

ತರಗತಿ ನಕ್ಕಿತು. ನಾನು ಸಂಜೆ ಮನೆಗೆ ಹೋಗಿ ಹಾರಿಸಿದ ಮೊದಲ ಅಧ್ಯಾಯವನ್ನು ಓದಿದೆ.

ಗಮನಿಸಿ: ಕಠಿಣ ಎಂದೇ ಹೆಸರಾದ, 1961ರಲ್ಲಿ ಮೊದಲು ಬಂದ ಆ ಪುಸ್ತಕ ಕೂಡ ಸಾಲುಗಳನ್ನು ಕಳೆಯುವುದರಿಂದಲೇ ಹೊರಡುತ್ತದೆ. ಬರೆದ ಇಬ್ಬರಿಗೂ ಗೊತ್ತಿದ್ದದ್ದು ನನಗೆ ಗೊತ್ತಿರಲಿಲ್ಲ, ಅಷ್ಟೆ.

ಮರುದಿನ ಮಹಾವೀರಾಚಾರ್ಯನ ಲೆಕ್ಕ ತೆಗೆದುಕೊಂಡು ಹೋದೆ. ಒಂಬತ್ತನೆಯ ಶತಮಾನದಲ್ಲಿ, ನಮ್ಮ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸಂಸ್ಕೃತದಲ್ಲಿ ಬರೆದ 'ಗಣಿತಸಾರಸಂಗ್ರಹ'ದ್ದು. ಒಂಬತ್ತು ಮಾದಲಕ್ಕೂ ಏಳು ಬೇಲದ ಹಣ್ಣಿಗೂ ಸೇರಿ ಬೆಲೆ 107. ಏಳು ಮಾದಲಕ್ಕೂ ಒಂಬತ್ತು ಬೇಲಕ್ಕೂ 101. ಒಂದೊಂದರ ಬೆಲೆ ಎಷ್ಟು? ರಾಮನವಮಿಯ ಪಾನಕಕ್ಕೆ ಗಾಂಧಿ ಬಜಾರಿನಲ್ಲಿ ಬೇಲದ ಹಣ್ಣು ಕೊಂಡವರೆಲ್ಲ ತಲೆಯೆತ್ತಿದರು. ಮೊದಲ ಸಾಲನ್ನು 7ರಿಂದ, ಎರಡನೆಯದನ್ನು 9ರಿಂದ ಗುಣಿಸಿ ಕಳೆಯಿರಿ. ಮಾದಲ ಮಾಯವಾಗುತ್ತದೆ; 32 ಬೇಲಕ್ಕೆ 160 ಉಳಿಯುತ್ತದೆ. ಬೇಲಕ್ಕೆ 5, ಮಾದಲಕ್ಕೆ 8. ಆ 32 ಬೇರೇನೂ ಅಲ್ಲ, ಡಿಟರ್ಮಿನೆಂಟ್: ಪಟ್ಟಿಯ ಸಂಖ್ಯೆಗಳನ್ನು ಮೂಲೆಯಿಂದ ಮೂಲೆಗೆ ಗುಣಿಸಿ ಕಳೆದದ್ದು, 9×9 − 7×7. (ಎರಡೂ ಸಾಲುಗಳನ್ನು ಒಮ್ಮೆ ಕೂಡಿಸಿ ಒಮ್ಮೆ ಕಳೆದರೂ ಉತ್ತರ ಬರುತ್ತದೆ ಎಂದು ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಹೇಳಿದಳು. ಜಾಣೆ. ಆದರೆ ಅದು ಈ ಲೆಕ್ಕಕ್ಕೆ ಮಾತ್ರ ಒದಗುವ ಉಪಾಯ.)

ಆಮೇಲೆ ಹಲಗೆಯ ಮೇಲೆ 1ರಿಂದ 9ರವರೆಗೆ ಮೂರು ಸಾಲಾಗಿ ಬರೆದು, ಒಂದೊಂದು ಸಾಲೂ ಮೂರು ಅಜ್ಞಾತಗಳ ಒಂದು ಸಮೀಕರಣ ಎಂದು ಹೇಳಿ, ಬಲಕ್ಕೆ ಮೂರು ಸೊನ್ನೆ ಹಾಕಿ, ಬಿಡಿಸಿ ಎಂದೆ. ಹತ್ತು ನಿಮಿಷ ತರಗತಿ ನಿಶ್ಶಬ್ದ. ರಾಮನಗರದ ಹುಡುಗ ಮೆಲ್ಲಗೆ ಕೇಳಿದ: "ಮೇಡಂ, ನನ್ನ ಮೂರನೆಯ ಸಾಲು ಪೂರ್ತಿ ಸೊನ್ನೆಯಾಗಿಬಿಟ್ಟಿತು. ಎಲ್ಲಿ ತಪ್ಪಿದೆ?"

ಅವನು ತಪ್ಪಿರಲಿಲ್ಲ. ಲೀನಿಯರ್ ಆಲ್ಜೀಬ್ರಾ ಅವನ ಕೈಗೆ ಸಿಕ್ಕಿದ್ದು ಆ ಸೊನ್ನೆಯ ಸಾಲಿನಲ್ಲಿ. ಮೂರನೆಯ ಸಮೀಕರಣ ಹೊಸದಾಗಿ ಏನನ್ನೂ ಹೇಳುತ್ತಿರಲಿಲ್ಲ, ಮೊದಲೆರಡು ಹೇಳಿದ್ದನ್ನೇ ವೇಷ ಬದಲಿಸಿ ಹೇಳುತ್ತಿತ್ತು. 1, −2, 1 ಒಂದು ಉತ್ತರ. ಅದನ್ನು ಎರಡರಿಂದ ಗುಣಿಸಿದರೂ ಉತ್ತರ, ನೂರರಿಂದ ಗುಣಿಸಿದರೂ ಉತ್ತರ, ಎರಡು ಉತ್ತರ ಕೂಡಿಸಿದರೂ ಉತ್ತರ. ಇದನ್ನೆಲ್ಲ ಅವರೇ ಮಾಡಿ ನೋಡಿದರು. ಗಂಟೆ ಹೊಡೆಯುವ ಹೊತ್ತಿಗೆ ಅದೇ ಹುಡುಗ, "ಒಂದೇ ಸಮೀಕರಣ ಇಟ್ಟುಕೊಂಡರೆ ಆವತ್ತು ನೀವು ಕೇಳಿದ ಸಮತಲ ಸಿಗುತ್ತದೆ, ಅಲ್ಲವೇ ಮೇಡಂ?" ಎಂದ. ಹೌದಪ್ಪ, ಸಿಗುತ್ತದೆ. ಮೂರು ದಿನ ಬಾಯಿಪಾಠ ಮಾಡಿದಾಗ ಕಾಣದ ಸಮತಲ ಒಂದು ಸೊನ್ನೆಯ ಸಾಲಿನಿಂದ ಕಂಡಿತು. ನನ್ನ ವಾದ ಇಷ್ಟೇ. ಉಳಿದದ್ದು ಇದರ ಟಿಪ್ಪಣಿ.

ಚರಿತ್ರೆಯೂ ನನ್ನ ಪಕ್ಷದಲ್ಲಿದೆ. ಚೀನಾದ 'ಒಂಬತ್ತು ಅಧ್ಯಾಯಗಳು' ಎಂಬ ಪ್ರಾಚೀನ ಗಣಿತ ಗ್ರಂಥದ ಎಂಟನೆಯ ಅಧ್ಯಾಯ ಸಂಖ್ಯೆಗಳನ್ನು ಚೌಕದಲ್ಲಿಟ್ಟು ಕಳೆಯುತ್ತದೆ. ಅದು ಹೆಚ್ಚು ಕಡಿಮೆ ಎರಡು ಸಾವಿರ ವರ್ಷ ಹಳೆಯದು. ಸಿಲ್ವೆಸ್ಟರ್ 1850ರಲ್ಲಿ ಮ್ಯಾಟ್ರಿಕ್ಸ್ ಎಂಬ ಹೆಸರಿಟ್ಟ. ಗರ್ಭ ಎಂಬ ಅರ್ಥದಲ್ಲಿ, ಡಿಟರ್ಮಿನೆಂಟ್‌ಗಳು ಹುಟ್ಟುವುದು ಅದರೊಳಗಿಂದ ಎಂದು. ಕನ್ನಡದಲ್ಲಿ ಅದನ್ನು 'ಮಾತೃಕೆ' ಎಂದು ಕರೆದವರು ಯಾರೋ, ಅವರಿಗೆ ನನ್ನ ನಮಸ್ಕಾರ; ಇಷ್ಟು ಹೊಂದುವ ಪಾರಿಭಾಷಿಕ ಪದ ನಮ್ಮಲ್ಲಿ ಕಡಿಮೆ. ಮ್ಯಾಟ್ರಿಕ್ಸ್ ಬೀಜಗಣಿತವನ್ನು ಕೇಲಿ ಬರೆದದ್ದು 1858ರಲ್ಲಿ. ವೆಕ್ಟರ್ ಸ್ಪೇಸಿನ ವ್ಯಾಖ್ಯೆಯನ್ನು ಪಿಯಾನೊ ನಿಯಮಗಳಾಗಿ ಬರೆದದ್ದು 1888ರಲ್ಲಿ. ಮನುಷ್ಯಕುಲ ಎರಡು ಸಾವಿರ ವರ್ಷ ನಡೆದು ಮುಟ್ಟಿದ ವ್ಯಾಖ್ಯೆಯನ್ನು ನಾವು ಸೋಮವಾರ ಬೆಳಗ್ಗೆ ಒಂಬತ್ತು ಗಂಟೆಗೆ, ತಿಂಡಿ ತಿನ್ನದೆ ಬಂದ ಮಕ್ಕಳ ಮೇಲೆ ಸುರಿಯುತ್ತೇವೆ.

ಎದುರು ಪಕ್ಷದವರು ಆಕ್ಸ್ಲರ್ ಅವರ 'ಲೀನಿಯರ್ ಆಲ್ಜೀಬ್ರಾ ಡನ್ ರೈಟ್' ಪುಸ್ತಕವನ್ನು ಮುಂದಿಡುತ್ತಾರೆಂದು ಗೊತ್ತು. ಹೆಸರಿನಲ್ಲೇ, ಇಷ್ಟು ದಿನ ಮಿಕ್ಕವರೆಲ್ಲ ಮಾಡಿದ್ದು ತಪ್ಪು ಎಂಬ ಧ್ವನಿ. ಮ್ಯಾಟ್ರಿಕ್ಸ್ ಕಾಣಿಸಿಕೊಳ್ಳುವುದು ಮೂರನೆಯ ಅಧ್ಯಾಯದಲ್ಲಿ. ಡಿಟರ್ಮಿನೆಂಟನ್ನು ಕೊನೆಯ ಅಧ್ಯಾಯಕ್ಕೆ ಗಡಿಪಾರು ಮಾಡಿದ್ದಾರೆ. ಅಕ್ಕಿ ತೊಳೆಯುವ ಮೊದಲು ಹಸಿವಿನ ತತ್ವ ಬೋಧಿಸಿದಂತೆ. ಆದರೆ ಪುಸ್ತಕದ ಮೇಲೆ ನನಗೆ ಕೋಪವಿಲ್ಲ, ಏಕೆಂದರೆ ಅಧ್ಯಾಪಕರಿಗಾಗಿ ಬರೆದ ಮುನ್ನುಡಿಯಲ್ಲಿ ಅವರೇ ಪ್ರಾಮಾಣಿಕವಾಗಿ ಹೇಳಿಬಿಟ್ಟಿದ್ದಾರೆ: ಇದು ವಿದ್ಯಾರ್ಥಿಗಳು ಲೀನಿಯರ್ ಆಲ್ಜೀಬ್ರಾವನ್ನು ಬಹುಶಃ ಎರಡನೆಯ ಸಲ ಎದುರಾಗುವ ಕೋರ್ಸಿಗೆ, ಮೊದಲ ಸಲ ಅವರು ಮ್ಯಾಟ್ರಿಕ್ಸ್‌ಗಳನ್ನು ನೋಡಿರುತ್ತಾರೆ ಎಂದು. ಎರಡನೆಯ ಸಲ! ಲೇಖಕರೇ ಬಿಟ್ಟುಕೊಟ್ಟ ಜಾಗವನ್ನು ಭಕ್ತರು ಬಿಡುವುದಿಲ್ಲ ಎಂದರೆ ಏನು ಮಾಡುವುದು?

"ಮ್ಯಾಟ್ರಿಕ್ಸ್ ಪಿಯುಸಿಯಲ್ಲೇ ಆಗಿದೆಯಲ್ಲ" ಎನ್ನುವವರಿದ್ದಾರೆ. ಪಿಯುಸಿಯಲ್ಲಿ ಆಗುವುದು ಪರೀಕ್ಷೆ. ಆ ಮಾತನ್ನು ಅಲ್ಲಿಗೇ ಬಿಡೋಣ.

ಇನ್ನೊಂದು ದೊಡ್ಡ ವಾದವಿದೆ. ಆಧಾರ (ಅಳೆಯಲು ನಾವು ಆರಿಸಿಕೊಂಡ ದಿಕ್ಕುಗಳು) ಬದಲಾದರೆ ಮ್ಯಾಟ್ರಿಕ್ಸ್ ಬದಲಾಗುತ್ತದೆ, ಆದ್ದರಿಂದ ಮ್ಯಾಟ್ರಿಕ್ಸ್ ಬರಿಯ ವಿಳಾಸ, ಮನುಷ್ಯ ಬೇರೆ ಎಂದು. ವಿಳಾಸ ಬದಲಾದರೆ ಮನುಷ್ಯ ಬದಲಾಗುವುದಿಲ್ಲ, ಒಪ್ಪಿದೆ. ವಿಳಾಸವಿಲ್ಲದೆ ಕಾಗದ ಬರೆಯುವುದು ಹೇಗೆ, ಅದನ್ನು ಅವರು ಹೇಳಲಿ.

ಹಾಗಾದರೆ ಯಾವ ಪುಸ್ತಕ? ಸ್ಟ್ರಾಂಗ್ ಅವರದ್ದು ಕೊಳ್ಳಿ. 'ಇಂಟ್ರೊಡಕ್ಷನ್ ಟು ಲೀನಿಯರ್ ಆಲ್ಜೀಬ್ರಾ' 1993ರಲ್ಲಿ ಬಂತು, 2023ರಲ್ಲಿ ಆರನೆಯ ಆವೃತ್ತಿ. ಹಳೆಯ ಆವೃತ್ತಿ ಅರ್ಧ ಬೆಲೆಗೆ ಸಿಕ್ಕರೆ ಸಂಕೋಚಪಡಬೇಡಿ, ಸಾಲು ಕಳೆಯುವ ವಿಧಾನ ಆವೃತ್ತಿಗೊಮ್ಮೆ ಬದಲಾಗುವುದಿಲ್ಲ. ದೋಷಗಳಿಲ್ಲವೇ? ಇವೆ. ಮನುಷ್ಯನಿಗೆ ಮಾತು ಹೆಚ್ಚು. ಪ್ರಮೇಯ ಎಲ್ಲಿ ಮುಗಿಯಿತು, ಮಾತುಕತೆ ಎಲ್ಲಿ ಶುರುವಾಯಿತು ತಿಳಿಯುವುದಿಲ್ಲ. ಎರಡು ಪುಟ ಓದಿದ ಮೇಲೆ ಈಗ ಒಂದು ಮುಖ್ಯ ಸಂಗತಿ ಸಾಧಿತವಾಯಿತು ಎಂದು ನೀವೇ ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳಬೇಕು. ಆದರೆ ಅಮೆರಿಕದ ಎಂಐಟಿಯಲ್ಲಿ 1999ರಲ್ಲಿ ಚಿತ್ರೀಕರಿಸಿದ ಅವರ ಪಾಠಗಳು ಉಚಿತವಾಗಿ ಸಿಗುತ್ತವೆ. ಸೀಮೆಸುಣ್ಣ ಹಿಡಿದು, ಎರಡು ಸಮೀಕರಣ ಬರೆದು, ತಾವೇ ಮೊದಲ ಸಲ ನೋಡುತ್ತಿರುವವರಂತೆ ಬೆರಗುಪಡುವ ಮೇಷ್ಟ್ರು ಅವರು. ಅಂಥವರ ಎದುರು ಕುಳಿತ ವಿದ್ಯಾರ್ಥಿ ನೋಟ್ಸ್‌ನಲ್ಲಿ ಇಲ್ಲ ಎನ್ನುವುದಿಲ್ಲ.

ಅಂಗಡಿಯಲ್ಲಿ ಬೇರೆ ಪುಸ್ತಕವೇನಾದರೂ ಕೈಗೆ ಬಂದರೆ ಮೂವತ್ತನೆಯ ಪುಟ ತೆರೆಯಿರಿ. ಬಿಡಿಸಲು ಸಂಖ್ಯೆಗಳಿದ್ದರೆ ದುಡ್ಡು ಕೊಡಿ. ಇಲ್ಲದಿದ್ದರೆ ಎರಡು ವರ್ಷ ಬಿಟ್ಟು ಬರುತ್ತೇನೆ ಎಂದು ಹೇಳಿ ಕೆಳಗಿಡಿ.

ವಿರೋಧ: ಸಾಲು ಕಳೆಯುವ ಕೆಲಸ ಕಂಪ್ಯೂಟರಿಗಿರಲಿ

"ಪರ ಬರೆಯುವವರು ಸಿಕ್ಕಿದ್ದಾರೆ, ನೀವು ವಿರೋಧ ಬರೆಯಬೇಕು" ಎಂದು ಸಂಪಾದಕರು ಫೋನ್ ಮಾಡಿದಾಗ ನಾನು ನೇರಳೆ ಮಾರ್ಗದ ಮೆಟ್ರೊದಲ್ಲಿ ಒಂದು ಕೈಯಲ್ಲಿ ಹಿಡಿಕೆ ಹಿಡಿದು ನಿಂತಿದ್ದೆ. ಒಪ್ಪಿಕೊಂಡೆ. ಬೈಯಪ್ಪನಹಳ್ಳಿ ದಾಟುವ ಹೊತ್ತಿಗೆ ನನ್ನ ಬಳಿ ಎಷ್ಟು ವಾದಗಳಿವೆ ಎಂದು ಎಣಿಸಿ ನೋಡಿದೆ. ಒಂದೂವರೆ.

ಮೇಡಂ ಅವರ ಬರಹವನ್ನು ನನಗೆ ಮೊದಲೇ ಕಳುಹಿಸಿದರು. ಇದು ನ್ಯಾಯವಲ್ಲ, ಆದರೂ ಬಳಸಿಕೊಳ್ಳುತ್ತೇನೆ, ಏಕೆಂದರೆ ನನ್ನ ಆ ಒಂದು ವಾದ ಅವರು ಆವರಣದೊಳಗೆ ಹಾಕಿ ಮುಚ್ಚಿದ ವಾಕ್ಯದಲ್ಲಿದೆ. ಹಿಂದಿನ ಬೆಂಚಿನ ಹುಡುಗಿ ಏನು ಮಾಡಿದಳು ನೋಡಿ. ಎರಡು ಸಾಲುಗಳನ್ನು ಕೂಡಿಸಿದಳು: 16 ಮಾದಲ, 16 ಬೇಲ, ಬೆಲೆ 208, ಅಂದರೆ ಒಂದು ಜೋಡಿಗೆ 13. ಕಳೆದಳು: ಎರಡು ಮಾದಲಕ್ಕೂ ಎರಡು ಬೇಲಕ್ಕೂ ಇರುವ ಅಂತರ 6, ಅಂದರೆ ಮಾದಲ 3 ಹೆಚ್ಚು. 8 ಮತ್ತು 5. ಮುಗಿಯಿತು. ಅವಳು ಮಾದಲದ ಬೆಲೆ, ಬೇಲದ ಬೆಲೆ ಎಂದು ಯೋಚಿಸುವುದನ್ನು ಬಿಟ್ಟು ಜೋಡಿಯ ಬೆಲೆ, ಬೆಲೆಯ ಅಂತರ ಎಂದು ಯೋಚಿಸಿದಳು. ಹಾಗೆ ನೋಡಿದ ಕೂಡಲೇ ಒಂದಕ್ಕೊಂದು ತೊಡರಿಕೊಂಡಿದ್ದ ಎರಡು ಸಮೀಕರಣಗಳು ಬಿಡಿಬಿಡಿಯಾದವು: ಒಂದರಲ್ಲಿ 16 ಮಾತ್ರ, ಇನ್ನೊಂದರಲ್ಲಿ 2 ಮಾತ್ರ. ಹೀಗೆ ಬಿಡಿಯಾದಾಗ ಒಂದೊಂದರಲ್ಲೂ ಉಳಿಯುವ ಈ ಗುಣಕಗಳೇ ಆ ಮ್ಯಾಟ್ರಿಕ್ಸಿನ ಐಗನ್‌ವ್ಯಾಲ್ಯೂಗಳು. ಗುಣಿಸಿದರೆ ಮೇಡಂ ಹೇಳಿದ 32.

ಅದು ಈ ಲೆಕ್ಕಕ್ಕೆ ಮಾತ್ರ ಒದಗುವ ಉಪಾಯವಲ್ಲ. ಕೂಡುವುದು ಕಳೆಯುವುದು ಎಲ್ಲ ಲೆಕ್ಕಕ್ಕೂ ಒದಗದು, ನಿಜ. ಆದರೆ ಅಳತೆಗೋಲನ್ನೇ ಬದಲಿಸಿ ನೋಡುವುದು ಇಡೀ ವಿಷಯದ ಜೀವಾಳ. ಪಟ್ಟಿಯಿಂದ ಆರಂಭಿಸಿದವನಿಗೆ ಪಟ್ಟಿ ದೇವರು ಕೊಟ್ಟದ್ದು. ಅದರೊಳಗೆ ಗುಮಾಸ್ತನಂತೆ ಸಾಲು ಕಳೆಯುತ್ತ ಕೂರುತ್ತಾನೆ. ವೆಕ್ಟರ್ ಸ್ಪೇಸ್‌ನಿಂದ ಆರಂಭಿಸಿದವನಿಗೆ ಪಟ್ಟಿ ತಾನು ಆರಿಸಿಕೊಂಡದ್ದು, ಬೇಡವೆಂದರೆ ಬದಲಿಸಬಹುದಾದದ್ದು. ಸಾವಿರ ಸಾಲಿನ ಪಟ್ಟಿಯನ್ನು ಕಳೆಯಲು ಕಂಪ್ಯೂಟರ್ ಇದೆ. ಯಾವ ಅಳತೆಗೋಲು ಹಿಡಿಯಬೇಕೆಂದು ಅದಕ್ಕೆ ಯಾರಾದರೂ ಹೇಳಬೇಕು.

ಉಳಿದ ಅರ್ಧ: ಆಕ್ಸ್ಲರ್ ಎರಡನೆಯ ಸಲದ ಓದಿಗೆ ಎಂದರು, ಸರಿ. ನಮ್ಮ ದ್ವಿತೀಯ ಪಿಯುಸಿ ಪುಸ್ತಕದಲ್ಲಿ ಮೂರನೆಯ ಅಧ್ಯಾಯ ಮ್ಯಾಟ್ರಿಕ್ಸ್, ನಾಲ್ಕನೆಯದು ಡಿಟರ್ಮಿನೆಂಟ್. ಮೊದಲ ಸಲ ಆಗಿಯೇ ಹೋಗಿದೆ. ಈ ಮಾತನ್ನು ನಾನು ಇನ್ನಷ್ಟು ಗಟ್ಟಿಯಾಗಿ ಹೇಳಬೇಕಿತ್ತು. ಆದರೆ ನನ್ನ ಪಿಯುಸಿ ಮ್ಯಾಟ್ರಿಕ್ಸ್ ನೆನಪಾದರೆ ದನಿ ಏಳುವುದಿಲ್ಲ. ಐದು ಅಂಕದ ಪ್ರಶ್ನೆ ಖಚಿತವಾಗಿ ಬರುತ್ತದೆ ಎಂದು ವಿಲೋಮ (ಒಂದು ಮ್ಯಾಟ್ರಿಕ್ಸಿನ ಗುಣಾಕಾರವನ್ನು ಹಿಂತಿರುಗಿಸುವ ಮ್ಯಾಟ್ರಿಕ್ಸ್) ಕಂಡುಹಿಡಿಯುವುದನ್ನು ಅಭ್ಯಾಸ ಮಾಡಿದ್ದೆ. ಬಂತು. ಬರೆದೆ. ಮರೆತೆ.

ಎಂಜಿನಿಯರಿಂಗ್‌ನಲ್ಲಿ ರ‍್ಯಾಂಕ್ (ಹೊಸದೇನಾದರೂ ಹೇಳುವ ಸಾಲುಗಳ ಸಂಖ್ಯೆ) ಕಂಡುಹಿಡಿಯುವುದನ್ನು ಕಲಿಸಿದರು. ಅಲ್ಲಿಯವರೆಗೆ ನನಗೆ ರ‍್ಯಾಂಕ್ ಎಂದರೆ ಸಿಇಟಿ ರ‍್ಯಾಂಕ್. ಸಾಲು ಕಳೆದು, ಸೊನ್ನೆಯಲ್ಲದ ಸಾಲುಗಳನ್ನು ಎಣಿಸಿ, ಉತ್ತರದ ಕೆಳಗೆ ಎರಡು ಗೆರೆ ಎಳೆಯುತ್ತಿದ್ದೆ. ಎಂದೂ ತಪ್ಪಿದವನಲ್ಲ. ಮೇಡಂ ಅವರ ರಾಮನಗರದ ಹುಡುಗನಂತೆ ಸೊನ್ನೆಯ ಸಾಲು ನೋಡಿ ನಾನು ಯಾರನ್ನೂ ಏನನ್ನೂ ಕೇಳಲಿಲ್ಲ. ಸೊನ್ನೆ ಬಂದರೆ ಲೆಕ್ಕ ಬೇಗ ಮುಗಿಯುತ್ತದೆ ಎಂದು ಖುಷಿಪಟ್ಟಿದ್ದೆ.

ಕೆಲಸಕ್ಕೆ ಸೇರಿದ ಮೊದಲ ವರ್ಷ ಮನೆ ಬಾಡಿಗೆ ಅಂದಾಜು ಮಾಡುವ ಒಂದು ಮಾದರಿ ಸಿದ್ಧಪಡಿಸಲು ಹೇಳಿದರು. ಬೆಂಗಳೂರಿನ ಸಾವಿರಾರು ಮನೆಗಳ ಪಟ್ಟಿ: ಬಡಾವಣೆ, ಕೋಣೆಗಳು, ಮಹಡಿ, ವಿಸ್ತೀರ್ಣ. ಮಾಹಿತಿ ಎರಡು ಕಡೆಯಿಂದ ಬಂದಿದ್ದರಿಂದ ವಿಸ್ತೀರ್ಣ ಒಂದು ಕಾಲಂನಲ್ಲಿ ಚದರಡಿಯಲ್ಲಿ, ಇನ್ನೊಂದರಲ್ಲಿ ಚದರ ಮೀಟರಿನಲ್ಲಿ ಇತ್ತು. ಎರಡನ್ನೂ ಹಾಗೆಯೇ ಬಿಟ್ಟೆ. ಹೆಚ್ಚು ಮಾಹಿತಿ ಇದ್ದಷ್ಟೂ ಒಳ್ಳೆಯದಲ್ಲವೇ? ಫಲಿತಾಂಶ ಬಂತು. ವಿಸ್ತೀರ್ಣ ಒಂದು ಚದರಡಿ ಹೆಚ್ಚಿದರೆ ಬಾಡಿಗೆ 96 ರೂಪಾಯಿ ಏರುತ್ತದೆ. ಒಂದು ಚದರ ಮೀಟರ್ ಹೆಚ್ಚಿದರೆ 800 ರೂಪಾಯಿ ಇಳಿಯುತ್ತದೆ.

ಇದನ್ನು ನಾನು ಹತ್ತು ಜನರ ಸಭೆಯಲ್ಲಿ ಪರದೆಯ ಮೇಲೆ ತೋರಿಸಿದೆ. ಸಭೆಯ ಹಿರಿಯರೊಬ್ಬರು ಕನ್ನಡಕ ಸರಿಪಡಿಸಿಕೊಂಡು, "ಮಾಲೀಕರು ಮೀಟರಿನಲ್ಲಿ ಅಳೆದರೆ ನಷ್ಟ ಎನ್ನಿ" ಎಂದರು. ಚದರ ಮೀಟರಿಗೆ 10.76 ಚದರಡಿ. ಎರಡನ್ನೂ ಸೇರಿಸಿ ಲೆಕ್ಕ ಹಾಕಿದರೆ ಚದರಡಿಗೆ ಸುಮಾರು 22 ರೂಪಾಯಿ, ಅದು ಸರಿಯಾಗಿಯೇ ಇತ್ತು. ಒಂದೊಂದನ್ನೇ ಓದಿದರೆ ಮಾತ್ರ ಹುಚ್ಚು. ಎರಡು ಕಾಲಂಗಳೂ ಹೇಳುತ್ತಿದ್ದದ್ದು ಒಂದನ್ನೇ. ಚದರ ಮೀಟರನ್ನು ಪೂರ್ಣಾಂಕಕ್ಕೆ ತಂದಿದ್ದರಿಂದ ಹುಟ್ಟಿದ ಚೂರುಪಾರು ವ್ಯತ್ಯಾಸವನ್ನೇ ಮಾದರಿ ದೊಡ್ಡ ಸಂಗತಿ ಎಂದು ಹಿಡಿದುಕೊಂಡಿತ್ತು. ಪೂರ್ಣಾಂಕಕ್ಕೆ ತರದೇ ಇದ್ದಿದ್ದರೆ ಒಂದು ಕಾಲಂ ಇನ್ನೊಂದರ ನಕಲು, ಲೆಕ್ಕ ಬಿಡಿಸಲು ಬೇಕಾದ ವಿಲೋಮವೇ ಇರುತ್ತಿರಲಿಲ್ಲ. ಇಂಥ ವಿಲೋಮವಿಲ್ಲದ ಮ್ಯಾಟ್ರಿಕ್ಸ್‌ಗಳಿಗೂ ವಿಲೋಮದಂಥದ್ದೊಂದನ್ನು ಕೊಡುವ ಸಿದ್ಧಾಂತದ ಮೇಲೆ 1971ರಲ್ಲಿ ಸುಜಿತ್ ಕುಮಾರ್ ಮಿತ್ರ ಅವರೊಂದಿಗೆ ಪುಸ್ತಕ ಬರೆದ ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್ ನಮ್ಮ ಹೂವಿನಹಡಗಲಿಯಲ್ಲಿ ಹುಟ್ಟಿದವರು, 1920ರಲ್ಲಿ. 102 ವರ್ಷ ಬದುಕಿ 2023ರಲ್ಲಿ ತೀರಿಕೊಂಡಾಗ ಬಂದ ಲೇಖನಗಳಿಂದ ನನಗೆ ಇದು ತಿಳಿಯಿತು. ನಾಲ್ಕು ವರ್ಷ ಎಂಜಿನಿಯರಿಂಗ್ ಓದುವಾಗ ಯಾರೂ ಹೇಳಿರಲಿಲ್ಲ.

ನಾನು ಹೇಳಹೊರಟದ್ದು: ನನಗೆ ರ‍್ಯಾಂಕ್ ಲೆಕ್ಕ ಹಾಕಲು ಬರುತ್ತಿತ್ತು, ಕಣ್ಣೆದುರು ರ‍್ಯಾಂಕ್ ಕಡಿಮೆಯಾಗಿ ಕೂತಿದ್ದಾಗ ಗುರುತಿಸಲು ಬರಲಿಲ್ಲ. ಅವಲಂಬನೆ (ಒಂದು ಸಾಲು ಅಥವಾ ಕಾಲಂ ಉಳಿದವುಗಳಿಂದಲೇ ಸಿಕ್ಕಿಬಿಡುವುದು) ಎಂಬ ಕಲ್ಪನೆ ಮೊದಲು ಬಂದು ಲೆಕ್ಕ ಆಮೇಲೆ ಬಂದಿದ್ದರೆ ಆ ಸಭೆಯಲ್ಲಿ ನನ್ನ ಕಿವಿ ಕೆಂಪಾಗುತ್ತಿರಲಿಲ್ಲ ಎಂದು ವಾದಿಸಬೇಕು. ವಾದಿಸುತ್ತೇನೆ. ಆದರೆ ಆ ರಾತ್ರಿ ನನಗೆ ಅದನ್ನು ಅರ್ಥಮಾಡಿಸಿದ್ದು ಆಕ್ಸ್ಲರ್ ಅಲ್ಲ. ಮೇಡಂ ಹೊಗಳಿದ ಅದೇ ಸೀಮೆಸುಣ್ಣದ ಮೇಷ್ಟ್ರು, ಅವರ ಮೊದಲ ಪಾಠದಲ್ಲಿ ಸಮೀಕರಣಗಳನ್ನು ಅಡ್ಡಸಾಲಾಗಿ ನೋಡದೆ ಕಾಲಂಗಳಾಗಿ ನೋಡಿ ಎನ್ನುತ್ತಾರೆ, ಅದು. ಇದನ್ನು ಬರೆದರೆ ನನ್ನ ಪಕ್ಷಕ್ಕೆ ಹಾನಿ ಎಂದು ಗೊತ್ತು. ಸಂಪಾದಕರು ಬೇಕಾದರೆ ತೆಗೆಯಲಿ.

ಆಕ್ಸ್ಲರ್ ಪುಸ್ತಕದ ಪರವಾಗಿ ಇನ್ನೊಂದು ಮಾತು, ಇದರಲ್ಲಿ ಎರಡು ಅಭಿಪ್ರಾಯವಿಲ್ಲ: ಅದರ ನಾಲ್ಕನೆಯ ಆವೃತ್ತಿ ಉಚಿತ. ಕದ್ದ ಪ್ರತಿಯಲ್ಲ, ಪ್ರಕಾಶಕರೇ ಎಲ್ಲರಿಗೂ ತೆರೆದಿಟ್ಟದ್ದು. ಅವೆನ್ಯೂ ರಸ್ತೆಗೆ ಹೋಗಬೇಕಿಲ್ಲ, ಮೊಬೈಲಿಗೆ ಇಳಿಸಿಕೊಂಡು ಮೆಟ್ರೊದಲ್ಲಿ ಓದಬಹುದು. ವಾಕ್ಯಗಳು ಸ್ವಚ್ಛ, ಪ್ರಮೇಯ ಯಾವುದು ಉದಾಹರಣೆ ಯಾವುದು ಎಂಬ ಗೊಂದಲವಿಲ್ಲ. ಒಂದು ನಿಲ್ದಾಣದಿಂದ ಇನ್ನೊಂದಕ್ಕೆ ಒಂದು ಸಾಧನೆ ಮುಗಿಯುತ್ತದೆ, ಸೀಟು ಸಿಕ್ಕರೆ. ಐಗನ್‌ವ್ಯಾಲ್ಯೂಗಳು ಐದನೆಯ ಅಧ್ಯಾಯದಲ್ಲಿವೆ, ಡಿಟರ್ಮಿನೆಂಟ್‌ನ ಹಂಗಿಲ್ಲದೆ. ನಾನು ಈಗ ಆ ಅಧ್ಯಾಯದಲ್ಲಿದ್ದೇನೆ. ಕಳೆದ ಯುಗಾದಿಯಿಂದ.